ಜರ್ಮನ್‌ನ ‘ಫೆರ್‌ಬಿಂಟ್ಲಿಶ್’: ನಡವಳಿಕೆಯ ಬಗ್ಗೆ ಬಂದಾಗ ಇಂಗ್ಲಿಷಿನಲ್ಲಿ ಏನು ಬರೆಯುವುದು?

ಪದಪಂಜರ

ಜರ್ಮನಿಯ ಕಂಪನಿಯೊಂದು ಕೊಟ್ಟ ಆರ್ಬೈಟ್ಸ್‌ತ್ಸೊಯ್ಗ್ನಿಸ್ (ಕೆಲಸ ಬಿಡುವಾಗ ಅಲ್ಲಿ ಕೊಡುವ ನೌಕರಿ ಪ್ರಮಾಣಪತ್ರ) ಇಂಗ್ಲಿಷಿಗೆ ಹೋಗಬೇಕಿದೆ. ಮಾರಾಟ ವಿಭಾಗದ ತಂಡ ನೋಡಿಕೊಳ್ಳುತ್ತಿದ್ದವರ ಪತ್ರ. ಬೆಂಗಳೂರಿನ ಒಂದು ಎಚ್ಚಾರ್ ವಿಭಾಗ ಓದುತ್ತದೆ, ಜೊತೆಗೆ ಡಬ್ಲಿನ್ನಿನಲ್ಲೂ ಒಂದು ಅರ್ಜಿ ಇದೆ. ಎಲ್ಲ ಸಲೀಸಾಗಿ ಬಂತು, ಈ ಒಂದು ವಾಕ್ಯ ಬಿಟ್ಟು:

‘ಈರ್ ಔಫ್‌ಟ್ರೇಟನ್ ಗೇಗನ್‌ಯೂಬರ್ ಕುಂಡನ್ ವಾರ್ ಶ್ಟೇಟ್ಸ್ ಜಿಶರ್ ಉಂಟ್ ಫೆರ್‌ಬಿಂಟ್ಲಿಶ್.’

ಗ್ರಾಹಕರ ಮುಂದೆ ಆಕೆಯ ನಡವಳಿಕೆ ಯಾವಾಗಲೂ ಆತ್ಮವಿಶ್ವಾಸದ್ದೂ ‘ಫೆರ್‌ಬಿಂಟ್ಲಿಶ್’ ಆದದ್ದೂ ಆಗಿತ್ತು ಎಂದರ್ಥ. ಯಂತ್ರಾನುವಾದ ‘ಬೈಂಡಿಂಗ್’ ಅನ್ನುತ್ತಿದೆ, ಅದು ತಪ್ಪೆಂದು ಗೊತ್ತು. ನಿಘಂಟಿನಲ್ಲಿ ‘ಒಬ್ಲೈಜಿಂಗ್’, ‘ಕರ್ಟಿಯಸ್’, ‘ಫ್ರೆಂಡ್ಲಿ’ ಸಿಗುತ್ತವೆ. ಯಾವುದು, ಯಾಕೆ?

ನೆಕ್ಕರ್‌ದಂಡೆ

ಮೊದಲು ಪದದ ಒಳಗೆ ನೋಡಿ. ‘ಬಿಂಡನ್’ ಅಂದರೆ ಕಟ್ಟು, ‘ಫೆರ್‌ಬಿಂಡನ್’ ಅಂದರೆ ಒಂದಕ್ಕೊಂದು ಜೋಡಿಸು. ಇವತ್ತಿನ ಜರ್ಮನ್‌ನಲ್ಲಿ ‘ಫೆರ್‌ಬಿಂಟ್ಲಿಶ್’ ಮೂರು ಕಡೆ ಕೆಲಸ ಮಾಡುತ್ತದೆ.

ಕಾನೂನಿನಲ್ಲಿ ಅದು ಕಟ್ಟಿಹಾಕುವಂಥದ್ದು: ಒಪ್ಪಂದ, ನೋಂದಣಿ, ಕೊನೆಯ ದಿನಾಂಕ. ಅಲ್ಲಿ ‘ಬೈಂಡಿಂಗ್’ ಅಥವಾ ‘ಫರ್ಮ್’ ಸರಿ. ಎರಡನೆಯದು ವ್ಯಕ್ತಿಯ ರೀತಿನೀತಿ: ಎದುರಿನವರ ಕಡೆಗೆ ಒಂದು ಹೆಜ್ಜೆ ಮುಂದೆ ಬಂದು, ಸೌಜನ್ಯದಿಂದ, ಅವರನ್ನು ದೂರ ನಿಲ್ಲಿಸದೆ ಮಾತಾಡುವುದು. ಇದು ಹಳೆಯ ಅರ್ಥ. ಬರಹದ ಜರ್ಮನ್‌ನಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿದೆ. ಮೂರನೆಯದು ಈಚೆಗೆ ಕಚೇರಿ ಭಾಷೆಯಲ್ಲೂ ಉದ್ಯೋಗ ಜಾಹೀರಾತಿನಲ್ಲೂ ಹಬ್ಬಿರುವುದು: ಮಾತಿಗೆ ತಪ್ಪದವರು, ಒಪ್ಪಿಕೊಂಡ ಕೆಲಸ ಮುಗಿಸುವವರು. ಇದಕ್ಕೆ ‘ಡಿಪೆಂಡಬಲ್’ ಅಥವಾ ‘ರಿಲಾಯಬಲ್’.

ನಿಮ್ಮ ವಾಕ್ಯದ ವಿಶೇಷ್ಯ ‘ಔಫ್‌ಟ್ರೇಟನ್’. ನಾಲ್ಕು ಜನರ ಮುಂದೆ ನಿಂತಾಗಿನ ರೀತಿ ಅದು. ಆದ್ದರಿಂದ ಎರಡನೆಯ ಅರ್ಥವೇ. ‘ಆರ್ಬೈಟ್ಸ್‌ವೈಜೆ’ (ಕೆಲಸ ಮಾಡುವ ಕ್ರಮ) ಇದ್ದಿದ್ದರೆ ಮೂರನೆಯದು ಅನ್ನುತ್ತಿದ್ದೆ. ‘ಟೋನ್’, ‘ಆರ್ಟ್’ (ಸ್ವಭಾವದ ರೀತಿ), ಮುಗುಳ್ನಗೆ, ಮಾತು, ಇವುಗಳ ಪಕ್ಕ ಬಂದರೆ ಎರಡನೆಯದು. ಭರವಸೆ, ಒಪ್ಪಿಗೆ, ಯೋಜನೆಯ ಪಕ್ಕ ಬಂದರೆ ಒಂದನೆಯದು ಅಥವಾ ಮೂರನೆಯದು.

ಇನ್ನೊಂದು. ‘ಔಫ್‌ಟ್ರೇಟನ್’ ಅನ್ನು ‘ಅಪಿಯರೆನ್ಸ್’ ಮಾಡಬೇಡಿ. ಇಂಗ್ಲಿಷ್ ಓದುಗರು ಅದನ್ನು ಮುಖಚಹರೆ, ಉಡುಪು ಎಂದು ಓದುತ್ತಾರೆ. ‘ಮ್ಯಾನರ್’ ಸಾಕು. ‘ಜಿಶರ್’ ಇಲ್ಲಿ ‘ಸೇಫ್’ ಅಲ್ಲ, ‘ಅಶ್ಯೂರ್ಡ್’ ಅಥವಾ ‘ಕಾನ್ಫಿಡೆಂಟ್’.

ಹಳೆಪುಟ

ನೆಕ್ಕರ್‌ದಂಡೆಯವರ ವಿಂಗಡಣೆ ಒಪ್ಪಿದೆ, ಆದರೆ ‘ಒಬ್ಲೈಜಿಂಗ್’ ಅನ್ನು ಇಷ್ಟು ಬೇಗ ಬಿಡಬಾರದು. ಲ್ಯಾಟಿನ್ನಿನ ‘ಲಿಗಾರೆ’ ಅಂದರೆ ಕಟ್ಟು. ‘ಒಬ್ಲೈಜ್’ ಅಲ್ಲಿಂದ ಬಂದದ್ದು. ಜರ್ಮನ್ ಪದದ ಒಳಗೂ ಇಂಗ್ಲಿಷ್ ಪದದ ಒಳಗೂ ಅದೇ ಹಗ್ಗ ಇದೆ. ಹಳೆಯ ಪತ್ರಗಳಲ್ಲಿ ‘ಫೆರ್‌ಬಿಂಟ್ಲಿಶ್‌ಸ್ಟನ್ ಡಾಂಕ್’ ಬರುತ್ತದಲ್ಲ, ಅದಕ್ಕೆ ‘ಮಚ್ ಒಬ್ಲೈಜ್ಡ್’ಗಿಂತ ಒಳ್ಳೆಯ ಜೋಡಿ ಇಲ್ಲ. ಹತ್ತೊಂಬತ್ತನೇ ಶತಮಾನದ ಕಾದಂಬರಿಯಲ್ಲಿ ‘ಫೆರ್‌ಬಿಂಟ್ಲಿಶ್ ಆಗಿ ನಕ್ಕ’ ಎಂದಿದ್ದರೆ ‘ವಿತ್ ಆನ್ ಒಬ್ಲೈಜಿಂಗ್ ಸ್ಮೈಲ್’ ಅನ್ನುವುದು ಕಾಲಕ್ಕೂ ಹೊಂದುತ್ತದೆ, ಧ್ವನಿಗೂ ಹೊಂದುತ್ತದೆ.

ಎಚ್ಚಾರ್‌ಮೇಜು

ಕಾದಂಬರಿಗೆ ಸರಿ ಸರ್, ಪ್ರಮಾಣಪತ್ರಕ್ಕೆ ಆಗುವುದಿಲ್ಲ. ಇವತ್ತಿನ ಇಂಗ್ಲಿಷಿನಲ್ಲಿ ‘ಒಬ್ಲೈಜಿಂಗ್’ ಅಂದರೆ ಹೇಳಿದ ಕೆಲಸ ಮಾಡಿಕೊಡುವವರು, ಇಲ್ಲ ಅನ್ನದವರು. ಹೋಟೆಲಿನ ಮಾಣಿಗೆ, ಕೌಂಟರಿನ ಸಿಬ್ಬಂದಿಗೆ ಅದು ಹೊಗಳಿಕೆ. ತಂಡ ನಡೆಸಿದವರಿಗೆ ಬರೆದರೆ ಸ್ಥಾನ ಒಂದು ಮೆಟ್ಟಿಲು ಇಳಿದಂತೆ ಕೇಳುತ್ತದೆ.

ಬೆಂಗಳೂರಿನ ಓದುಗರಿಗಂತೂ ಇನ್ನೂ ಕಷ್ಟ. ನಮ್ಮ ಕಡೆ ರಜಾ ಅರ್ಜಿಯ ಕೊನೆಗೆ ‘ಅಂಡ್ ಒಬ್ಲೈಜ್’ ಅಂತ ಬರೆಯುವ ರೂಢಿ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ‘ಒಬ್ಲೈಜ್’ ಅಂದಕೂಡಲೇ ಉಪಕಾರ ಮಾಡಿಕೊಡುವುದು ಎಂಬ ಅರ್ಥವೇ ಮುಂದೆ ಬರುತ್ತದೆ. ಜರ್ಮನ್ ವಾಕ್ಯದಲ್ಲಿ ಉಪಕಾರದ ಮಾತೇ ಇಲ್ಲ.

ತುಂಗಾತೀರ

ಪದ ಸರಿಯೋ ಇಲ್ಲವೋ ಎಂದು ಪರೀಕ್ಷಿಸಲು ಒಂದು ಒಳ್ಳೆಯ ಅಳತೆಗೋಲು ಜರ್ಮನ್‌ನಲ್ಲೇ ಇದೆ. ‘ಫೆರ್‌ಬಿಂಟ್ಲಿಶ್ ಇಮ್ ಟೋನ್, ಹಾರ್ಟ್ ಇನ್ ಡೆರ್ ಜಾಖೆ’ ಎಂಬುದು ಪತ್ರಿಕೆಗಳಲ್ಲಿ, ರಾಜಕಾರಣದ ಮಾತಿನಲ್ಲಿ ಸದಾ ಬರುವ ನುಡಿಗಟ್ಟು. ಧ್ವನಿಯಲ್ಲಿ ನಯ, ವಿಷಯದಲ್ಲಿ ಬಿಗಿ. ಇದರ ಹಿಂದೆ ‘ಸುವಾವಿಟೆರ್ ಇನ್ ಮೋದೊ, ಫೋರ್ಟಿಟೆರ್ ಇನ್ ರೇ’ ಎಂಬ ಲ್ಯಾಟಿನ್ ಮಾತಿದೆ. ಅಂದರೆ ‘ಫೆರ್‌ಬಿಂಟ್ಲಿಶ್’ ಆಗಿರುವವರು ವಿಷಯದಲ್ಲಿ ಒಂದಿಂಚೂ ಬಿಟ್ಟುಕೊಡದೆ ಇರಬಹುದು. ಈ ಪದದ ಜೀವ ಅಲ್ಲಿದೆ.

ಈಗ ಒಂದೊಂದೇ ಇಂಗ್ಲಿಷ್ ಪದವನ್ನು ಆ ಜಾಗದಲ್ಲಿ ಕೂರಿಸಿ ನೋಡಿ.

‘ಅಕಾಮಡೇಟಿಂಗ್’: ಬೀಳುತ್ತದೆ. ಅದರಲ್ಲಿ ಬಿಟ್ಟುಕೊಡುವುದು ಸೇರಿಕೊಂಡಿದೆ. ಬಿಟ್ಟುಕೊಟ್ಟ ಮೇಲೆ ಬಿಗಿ ಎಲ್ಲಿ? ‘ಎಂಟ್‌ಗೇಗನ್‌ಕೊಮೆಂಟ್’ ಎಂಬ ಇನ್ನೊಂದು ಜರ್ಮನ್ ಪದಕ್ಕೆ ಅದನ್ನು ಇಟ್ಟುಕೊಳ್ಳಿ. ‘ಕನ್ಸಿಲಿಯೇಟರಿ’: ಜಗಳವೊಂದು ಆಗಿದೆ, ಇವರು ಶಾಂತಿ ಮಾಡಲು ಬಂದಿದ್ದಾರೆ ಎಂಬ ಹಿನ್ನೆಲೆ ಬೇಕು. ‘ಕಾರ್ಡಿಯಲ್’: ಎದೆಯ ಬಿಸುಪು ಬೇಡುತ್ತದೆ, ‘ಫೆರ್‌ಬಿಂಟ್ಲಿಶ್’ಗೆ ಬಿಸುಪು ಇರಲೇಬೇಕೆಂದಿಲ್ಲ. ‘ಆಫಬಲ್’: ದೊಡ್ಡವರು ಚಿಕ್ಕವರ ಜೊತೆ ಸಲೀಸಾಗಿ ಮಾತಾಡಿದಾಗ ಚೆನ್ನಾಗಿ ಹೊಂದುತ್ತದೆ, ಗ್ರಾಹಕರ ಮುಂದೆ ಅಷ್ಟಿಲ್ಲ. ‘ಗ್ರೇಷಿಯಸ್’ನಲ್ಲೂ ಮೇಲಿಂದ ಕೆಳಗೆ ನೋಡುವ ನೋಟ ಇದೆ. ‘ಎಂಗೇಜಿಂಗ್’: ಜನರನ್ನು ಸೆಳೆಯುವ ಚುರುಕು, ಜರ್ಮನ್ ಪದ ಅದಕ್ಕಿಂತ ಶಾಂತ. ‘ಪರ್ಸನಬಲ್’: ನೋಡಲು, ಮಾತಾಡಲು ಹಿತವಾಗಿರುವವರು. ಹತ್ತಿರ ಬರುತ್ತದೆ, ಆದರೆ ಅದರಲ್ಲಿ ರೂಪದ ನೆರಳೂ ಇದೆ. ಹೆಂಗಸರ ಪ್ರಮಾಣಪತ್ರದಲ್ಲಿ ಅದನ್ನು ತರುವುದು ನನಗೆ ಒಪ್ಪಿಗೆ ಇಲ್ಲ. ‘ಸ್ವಾವ್’ ಅಂದರೆ ನಂಬಬಹುದೋ ಇಲ್ಲವೋ ಎಂಬ ಅನುಮಾನ ಹುಟ್ಟುತ್ತದೆ.

ಉಳಿಯುವುದು ‘ಕರ್ಟಿಯಸ್’ ಮತ್ತು ‘ಟ್ಯಾಕ್ಟ್‌ಫುಲ್’. ‘ಕರ್ಟಿಯಸ್ ಇನ್ ಟೋನ್, ಫರ್ಮ್ ಇನ್ ಸಬ್‌ಸ್ಟನ್ಸ್’ ತಡೆಯಿಲ್ಲದೆ ನಡೆಯುತ್ತದೆ. ‘ಟ್ಯಾಕ್ಟ್‌ಫುಲ್’ ನಾಜೂಕಿನ ಸಂದರ್ಭ ಬೇಡುತ್ತದೆ. ಆದ್ದರಿಂದ ‘ಕರ್ಟಿಯಸ್’.

ಪದಪಂಜರ

‘ಕರ್ಟಿಯಸ್’ ಸಾಕಾಗುತ್ತದಾ ತುಂಗಾತೀರ ಅವರೇ? ಜರ್ಮನ್‌ನಲ್ಲಿ ‘ಹ್ಯೋಫ್ಲಿಶ್’ ಅಂತಲೇ ಪದ ಇದೆಯಲ್ಲ, ‘ಕರ್ಟಿಯಸ್’ ಅದಕ್ಕೆ ಸರಿಹೊಂದುತ್ತದೆ. ಪತ್ರ ಬರೆದವರು ಅದನ್ನು ಬಿಟ್ಟು ಇದನ್ನು ಆರಿಸಿಕೊಂಡಿದ್ದಾರೆ.

ತುಂಗಾತೀರ

ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದೀರಿ. ‘ಹ್ಯೋಫ್ಲಿಶ್’ನಲ್ಲಿ ‘ಹೋಫ್’ ಇದೆ, ‘ಕರ್ಟಿಯಸ್’ನಲ್ಲಿ ‘ಕೋರ್ಟ್’ ಇದೆ. ಎರಡೂ ಅರಮನೆಯ ಮರ್ಯಾದೆ. ಮರ್ಯಾದೆ ಇಟ್ಟುಕೊಂಡೇ ದೂರ ನಿಲ್ಲಬಹುದು. ‘ಫೆರ್‌ಬಿಂಟ್ಲಿಶ್’ ಆ ದೂರವನ್ನು ಕಡಿಮೆ ಮಾಡುತ್ತದೆ. ಕನ್ನಡದಲ್ಲಿ ‘ಮುಖ ಕೊಟ್ಟು ಮಾತಾಡುತ್ತಾರೆ’ ಅನ್ನುತ್ತೇವಲ್ಲ, ಅದು ಇದರ ಅರ್ಧ. ‘ದಾಕ್ಷಿಣ್ಯ’ ಇನ್ನೂ ಹತ್ತಿರ, ಏಕೆಂದರೆ ಅದರಲ್ಲೂ ಕಟ್ಟುಬೀಳುವುದಿದೆ. ಆದರೆ ದಿಕ್ಕು ಬೇರೆ: ದಾಕ್ಷಿಣ್ಯದಲ್ಲಿ ಕಟ್ಟುಬೀಳುವವರು ದಾಕ್ಷಿಣ್ಯ ಇರುವವರೇ, ಅದಕ್ಕೇ ‘ಇಲ್ಲ’ ಅನ್ನಲಾಗದೆ ಒದ್ದಾಡುತ್ತಾರೆ. ‘ಫೆರ್‌ಬಿಂಟ್ಲಿಶ್’ ಆಗಿರುವವರು ಆರಾಮಾಗಿ ‘ಇಲ್ಲ’ ಅನ್ನುತ್ತಾರೆ, ಕೇಳಿದವರಿಗೆ ಬೇಸರ ಆಗುವುದಿಲ್ಲ.

ಹಾಗಾಗಿ ಒಂದು ವಿಶೇಷಣಕ್ಕೆ ಇನ್ನೊಂದು ವಿಶೇಷಣ ಎಂಬ ಹಟ ಬಿಟ್ಟರೆ ದಾರಿ ಸಿಗುತ್ತದೆ. ವಾಕ್ಯವನ್ನು ಹೀಗೆ ತಿರುಗಿಸಬಹುದು: ‘ಶೀ ವಾಸ್ ಆಲ್ವೇಸ್ ಅಶ್ಯೂರ್ಡ್ ಅಂಡ್ ಕರ್ಟಿಯಸ್ ವಿತ್ ಕ್ಲೈಂಟ್ಸ್ ಅಂಡ್ ಪುಟ್ ದೆಮ್ ಅಟ್ ಈಸ್.’ ಕೊನೆಯ ನಾಲ್ಕು ಪದ ಆ ಹತ್ತಿರ ಬರುವಿಕೆಯನ್ನು ಹೊತ್ತುಕೊಳ್ಳುತ್ತವೆ.

ನೆಕ್ಕರ್‌ದಂಡೆ

ವಾಕ್ಯ ಚೆನ್ನಾಗಿದೆ, ಆದರೆ ದೃಢೀಕೃತ ಅನುವಾದವಾದರೆ ಎಚ್ಚರ. ಮೊಹರು ಹಾಕುವ ಅನುವಾದಕರು ಮೂಲದಲ್ಲಿ ಎರಡು ಗುಣ ಇದ್ದ ಕಡೆ ಮೂರು ಬರೆದರೆ ಸೇರಿಸಿದ್ದಾರೆ ಎಂಬ ಆಕ್ಷೇಪ ಬರಬಹುದು. ಅಲ್ಲಿ ‘ಅಶ್ಯೂರ್ಡ್ ಅಂಡ್ ಕರ್ಟಿಯಸ್’ ಎಂದು ನಿಲ್ಲಿಸಿ, ಬೇಕಿದ್ದರೆ ಅನುವಾದಕರ ಟಿಪ್ಪಣಿ ಎಂದು ಸ್ಪಷ್ಟವಾಗಿ ಗುರುತಿಸಿ ಅಡಿಯಲ್ಲಿ ಒಂದು ಸಾಲು ಹಾಕಿ. ಅರ್ಜಿಯ ಜೊತೆ ಇಡುವ ಸಾಮಾನ್ಯ ಅನುವಾದಕ್ಕೆ ತುಂಗಾತೀರ ಅವರ ವಾಕ್ಯ ನಡೆಯುತ್ತದೆ.

ಎಚ್ಚಾರ್‌ಮೇಜು

ವಿಶೇಷಣದ ಮೇಲೆ ಇಷ್ಟು ಮಾತಾಡುತ್ತಿದ್ದೇವೆ, ಅದರ ಹಿಂದಿನ ‘ಶ್ಟೇಟ್ಸ್’ (ಯಾವಾಗಲೂ) ಬಗ್ಗೆ ಯಾರೂ ಹೇಳಲಿಲ್ಲ. ಅನುವಾದದಲ್ಲಿ ಹೆಚ್ಚು ನಷ್ಟ ಆಗುವುದು ಅಲ್ಲೇ.

ಜರ್ಮನಿಯ ಗೆವೆರ್ಬೆ‌ಓರ್ಡ್ನುಂಗ್ ಎಂಬ ಕಾಯಿದೆಯ 109ನೇ ಕಲಂ ಪ್ರಕಾರ ಕೆಲಸ ಬಿಡುವ ಉದ್ಯೋಗಿಗೆ ಪ್ರಮಾಣಪತ್ರ ಪಡೆಯುವ ಹಕ್ಕಿದೆ. ಕೇಳಿದರೆ ಕೆಲಸದ ಗುಣಮಟ್ಟ, ನಡವಳಿಕೆ ಎರಡರ ಬಗ್ಗೆಯೂ ಬರೆದುಕೊಡಬೇಕು. ಪತ್ರ ಸ್ಪಷ್ಟವಾಗಿರಬೇಕು, ಮೇಲೆ ಕಾಣುವುದು ಒಂದು, ಒಳಗೆ ಹೇಳುವುದು ಇನ್ನೊಂದು ಆಗುವಂಥ ಮಾತು ಇರಬಾರದು ಎಂದೂ ಅದೇ ಕಲಂ ಹೇಳುತ್ತದೆ. ಜೊತೆಗೆ ನ್ಯಾಯಾಲಯಗಳ ತೀರ್ಪಿನ ಪ್ರಕಾರ ಪತ್ರ ನಿಜವೂ ಇರಬೇಕು, ಉದ್ಯೋಗಿಯ ಮುಂದಿನ ದಾರಿಗೆ ಅನಾವಶ್ಯಕ ಅಡ್ಡಿಯೂ ಆಗಬಾರದು. ಈ ಇಕ್ಕಟ್ಟಿನಲ್ಲಿ ಅಂಕ ಕೊಡುವ ಒಂದು ರೂಢಿಭಾಷೆ ಬೆಳೆದುಬಿಟ್ಟಿದೆ.

‘ಶ್ಟೇಟ್ಸ್ ತ್ಸು ಉನ್ಜರರ್ ಫೊಲ್‌ಸ್ಟನ್ ತ್ಸುಫ್ರೀಡನ್‌ಹೈಟ್’ (ಯಾವಾಗಲೂ ನಮಗೆ ಅತ್ಯಂತ ಪೂರ್ಣ ತೃಪ್ತಿ ಆಗುವಂತೆ) ಅಂದರೆ 1, ಅತ್ಯುತ್ತಮ. ‘ಫೊಲ್‌ಸ್ಟನ್’ ಹೋಗಿ ‘ಫೊಲ್ಲನ್’ (ಪೂರ್ಣ) ಆದರೆ 2. ‘ಶ್ಟೇಟ್ಸ್’ ಕೂಡ ಹೋದರೆ 3. ಬರೀ ‘ತ್ಸುಫ್ರೀಡನ್‌ಹೈಟ್’ ಉಳಿದರೆ 4. ‘ಪ್ರಯತ್ನಪಟ್ಟರು’ ಅನ್ನುವ ‘ಬೆಮ್ಯೂಟ್’ ಬಂತೋ, ಕೆಲಸ ಆಗಲಿಲ್ಲ ಎಂದೇ ಅರ್ಥ. 2014ರ ನವೆಂಬರ್‌ನಲ್ಲಿ ಒಕ್ಕೂಟ ಕಾರ್ಮಿಕ ನ್ಯಾಯಾಲಯ ಈ 3ನ್ನೇ ನಡುಮಟ್ಟ ಎಂದು ಎತ್ತಿಹಿಡಿಯಿತು. ಅದಕ್ಕಿಂತ ಮೇಲೆ ಬೇಕು ಅನ್ನುವ ಉದ್ಯೋಗಿಯೇ ತನ್ನ ಕೆಲಸ ಅಷ್ಟು ಚೆನ್ನಾಗಿತ್ತು ಎಂದು ತೋರಿಸಬೇಕು.

ಈಗ ಇಂಗ್ಲಿಷಿಗೆ ಬನ್ನಿ. ‘ಟು ಅವರ್ ಫುಲ್ ಸ್ಯಾಟಿಸ್‌ಫ್ಯಾಕ್ಷನ್’ ಓದಿದವರಿಗೆ ಅದು ಪೂರ್ಣ ಹೊಗಳಿಕೆ. ಮೂಲದಲ್ಲಿ ಅದು 3. ‘ಆಲ್ವೇಸ್’ ಪದೇಪದೇ ಬಂದರೆ ಓದಲು ಚೆನ್ನಾಗಿರಲ್ಲ ಎಂದು ಒಳ್ಳೆಯ ಇಂಗ್ಲಿಷ್ ಗೊತ್ತಿರುವವರೇ ಅದನ್ನು ಕತ್ತರಿಸುತ್ತಾರೆ. ಹಾಗೆ ಕತ್ತರಿಸಿದಾಗಲೆಲ್ಲ ಆ ವ್ಯಕ್ತಿಯ ಒಂದು ದರ್ಜೆ ಹೋಗುತ್ತದೆ. ನಡವಳಿಕೆಯ ವಾಕ್ಯಕ್ಕೂ ಇದೇ ನಿಯಮ. ‘ಶ್ಟೇಟ್ಸ್’ ಇದ್ದ ಕಡೆಯೆಲ್ಲ ‘ಆಲ್ವೇಸ್’ ಇರಲಿ, ಇಲ್ಲದ ಕಡೆ ತಾನಾಗಿ ಸೇರಿಸಬೇಡಿ. ‘ಫುಲ್’, ‘ಫುಲೆಸ್ಟ್’ ಎರಡನ್ನೂ ಪತ್ರದ ಉದ್ದಕ್ಕೂ ಬೇರೆಬೇರೆಯಾಗಿಯೇ ಉಳಿಸಿ. ಎರಡಕ್ಕೂ ‘ಕಂಪ್ಲೀಟ್’ ಹಾಕಿದರೆ 1 ಮತ್ತು 2ರ ನಡುವಿನ ಗೆರೆ ಅಳಿಸಿಹೋಗುತ್ತದೆ.

ಜರ್ಮನ್‌ಕಲಿಕೆ

ಅಂದರೆ ‘ಫೆರ್‌ಬಿಂಟ್ಲಿಶ್’ ಕೂಡ ಇಂಥ ಗುಪ್ತ ಸಂಕೇತವಾ? ಬಯ್ಯಲು ಬರೆದಿದ್ದಾರಾ?

ಎಚ್ಚಾರ್‌ಮೇಜು

ಇಲ್ಲ. ಅದು ನೇರ ಹೊಗಳಿಕೆ. ಸಂಕೇತ ಎಂದು ಹೆಸರಾದ ಪದ ‘ಗೆಜೆಲ್ಲಿಶ್’: ಜನರೊಂದಿಗೆ ಬೆರೆಯುವವರು ಎಂಬ ಅರ್ಥವೇ ಆದರೂ, ‘ತನ್ನ ಗೆಜೆಲ್ಲಿಶ್ ಸ್ವಭಾವದಿಂದ ವಾತಾವರಣ ಹಗುರ ಮಾಡಿದರು’ ಎಂದಿದ್ದರೆ ಕುಡಿತದ ಸೂಚನೆ ಎಂದು ಓದುವವರಿದ್ದಾರೆ. ಹಾಗಂತ ಎಲ್ಲದರಲ್ಲೂ ಸಂಚು ಹುಡುಕಬಾರದು. ‘ಅವರನ್ನು ಆಸಕ್ತಿಯುಳ್ಳ ಉದ್ಯೋಗಿಯಾಗಿ ಕಂಡುಕೊಂಡೆವು’ ಎಂಬ ಮಾತಿನಲ್ಲಿ ಉಲ್ಟಾ ಅರ್ಥ ಇದೆ ಎಂಬ ವಾದವನ್ನು 2011ರಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು.

ಅದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಯಾರ ಹೆಸರು ಮೊದಲು ಬಂದಿದೆ ಎಂಬುದು. ರೂಢಿಯಂತೆ ಮೇಲಧಿಕಾರಿಗಳು, ಸಹೋದ್ಯೋಗಿಗಳು, ಗ್ರಾಹಕರು ಎಂಬ ಕ್ರಮ ಇರುತ್ತದೆ. ಮೇಲಧಿಕಾರಿಗಳು ಬಿಟ್ಟುಹೋಗಿದ್ದರೆ ಅಥವಾ ಹಿಂದೆ ಬಂದಿದ್ದರೆ ಜರ್ಮನ್ ಓದುಗರು ಹುಬ್ಬೇರಿಸುತ್ತಾರೆ. ಇಂಗ್ಲಿಷಿನ ಲಯ ಚೆನ್ನಾಗಿರಲಿ ಎಂದು ಆ ಕ್ರಮ ಬದಲಿಸಬೇಡಿ.

ಹಳೆಪುಟ

ಜರ್ಮನ್‌ಕಲಿಕೆ ಅವರಿಗೆ: ವಿರುದ್ಧಪದ ನೋಡಿದರೆ ಅರ್ಥ ಇನ್ನೂ ತಿಳಿಯಾಗುತ್ತದೆ. ‘ಉನ್‌ಫೆರ್‌ಬಿಂಟ್ಲಿಶ್’ ಅನ್ನು ‘ಡಿಸ್ಕರ್ಟಿಯಸ್’ ಮಾಡಿದರೆ ತಪ್ಪು. ಅಂಗಡಿಯ ಬೆಲೆಪಟ್ಟಿಯಲ್ಲಿ ‘ಉನ್‌ಫೆರ್‌ಬಿಂಟ್ಲಿಶೆ ಪ್ರೈಸ್‌ಎಂಪ್‌ಫೇಲುಂಗ್’ ಅಂದರೆ ತಯಾರಕರು ಸೂಚಿಸಿದ, ಆದರೆ ಅಂಗಡಿಯವರನ್ನು ಕಟ್ಟಿಹಾಕದ ಬೆಲೆ. ಮನುಷ್ಯರ ಬಗ್ಗೆ ಬಂದರೆ ಹೌದು ಅಂತಲೂ ಅನ್ನದೆ ಇಲ್ಲ ಅಂತಲೂ ಅನ್ನದೆ ಜಾರಿಕೊಳ್ಳುವವರು, ‘ನಾನ್‌ಕಮಿಟಲ್’. ಒಬ್ಬರು ‘ಉನ್‌ಫೆರ್‌ಬಿಂಟ್ಲಿಶ್ ಆಗಿ ನಕ್ಕರು’ ಅಂದರೆ ಆ ನಗುವಿನಲ್ಲಿ ಒರಟುತನ ಇಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ ಅಷ್ಟೆ.

ನೆರೆಯ ಪದಗಳನ್ನೂ ಬೇರೆ ಇಡಿ. ‘ತ್ಸುಫೋರ್‌ಕೊಮೆಂಟ್’ ಅಂದರೆ ಕೇಳುವ ಮುಂಚೆಯೇ ಬೇಕಾದ್ದನ್ನು ಗಮನಿಸುವವರು, ‘ಅಟೆಂಟಿವ್’ ಹೊಂದುತ್ತದೆ. ‘ಕೊನ್‌ತ್ಸಿಲಿಯಾಂಟ್’ ಅಂದರೆ ಭಿನ್ನಾಭಿಪ್ರಾಯದಲ್ಲಿ ಮೆದುವಾಗುವವರು. ಒಂದೇ ಪತ್ರದಲ್ಲಿ ಇವೆರಡು ಬಂದರೆ ಎಲ್ಲಕ್ಕೂ ‘ಕರ್ಟಿಯಸ್’ ಅಂಟಿಸುವ ಆಸೆ ಆಗುತ್ತದೆ. ಹಾಗಾಗದಂತೆ ಮೊದಲೇ ಇಡೀ ಪತ್ರದ ಗುಣವಾಚಕಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದಕ್ಕೂ ಒಂದೊಂದು ಇಂಗ್ಲಿಷ್ ಪದ ಮೀಸಲಿಡುವುದು ಒಳ್ಳೆಯದು.

ಜರ್ಮನ್ ಮನೆಮಾತಿನ ಕಿಟೆಲ್ 1894ರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಮಾಡಿದ್ದನ್ನು ನೋಡಿ. ಒಂದು ಕನ್ನಡ ಪದಕ್ಕೆ ಒಂದೇ ಇಂಗ್ಲಿಷ್ ಪದ ಕೊಟ್ಟು ಕೈತೊಳೆದುಕೊಳ್ಳದೆ, ಬಳಕೆಗಳನ್ನು ಮುಂದಿಟ್ಟು ಹಲವು ಅರ್ಥಗಳನ್ನು ಸಾಲಾಗಿ ಇಡುತ್ತಾರೆ. ಆರಿಸುವ ಕೆಲಸ ವಾಕ್ಯ ಕೈಯಲ್ಲಿರುವವರದ್ದು.

ಜರ್ಮನ್‌ಕಲಿಕೆ

ಇನ್ನೊಂದು ಪತ್ರದಲ್ಲಿ ‘ಫ್ರೊಯ್ಂಟ್ಲಿಶೆ ಉಂಟ್ ಫೆರ್‌ಬಿಂಟ್ಲಿಶೆ ಆರ್ಟ್’ ಅಂತ ಇದೆ. ಅಲ್ಲೂ ‘ಫ್ರೆಂಡ್ಲಿ ಅಂಡ್ ಕರ್ಟಿಯಸ್’ ಹಾಕಬಹುದಾ?

ನೆಕ್ಕರ್‌ದಂಡೆ

ಅಲ್ಲಿ ಸ್ವಲ್ಪ ನಿಲ್ಲಬೇಕು. ಜೋಡಿಯಾಗಿ ಬಂದ ಪದ ಯಾವುದು ಎಂಬುದೂ ಸುಳಿವು. ಬರೆದವರು ಒಂದೇ ಮಾತನ್ನು ಎರಡು ಸಲ ಹೇಳುವುದಿಲ್ಲ ಎಂದುಕೊಂಡರೆ, ‘ಫ್ರೊಯ್ಂಟ್ಲಿಶ್’ ಸ್ನೇಹದ ಭಾಗವನ್ನು ಹೇಳಿ ಮುಗಿಸಿದೆ. ಆಗ ‘ಫೆರ್‌ಬಿಂಟ್ಲಿಶ್’ ಮಾತಿಗೆ ನಿಲ್ಲುವ ಗುಣದ ಕಡೆ ವಾಲಿರಬಹುದು. ಅದೇ ಪತ್ರದಲ್ಲಿ ಬೇರೆ ಕಡೆ ‘ತ್ಸುಫೆರ್‌ಲೆಸಿಶ್’ (ನಂಬಬಹುದಾದ) ಬಂದಿದ್ದರೆ ಆ ಜಾಗವೂ ತುಂಬಿದೆ, ಮತ್ತೆ ಸೌಜನ್ಯಕ್ಕೇ ಮರಳಬೇಕು. ಹುದ್ದೆಯೂ ಮುಖ್ಯ. ಗ್ರಾಹಕರ ಎದುರು ಕೂರುವವರಿಗೆ ಸೌಜನ್ಯ ಹೆಚ್ಚು ಹೊಂದುತ್ತದೆ, ಯೋಜನೆ ನಡೆಸುವವರಿಗೆ ಮಾತು ಉಳಿಸಿಕೊಳ್ಳುವುದು. ಪತ್ರ ಬರೆದವರ ವಯಸ್ಸು, ಕಾಲ ಕೂಡ ಲೆಕ್ಕಕ್ಕೆ ಬರುತ್ತದೆ: 1990ರ ದಶಕದ ಪತ್ರವಾದರೆ ಸೌಜನ್ಯ ಎಂದು ಹೆಚ್ಚು ಧೈರ್ಯದಿಂದ ಓದಬಹುದು.

ಡಿಡಬ್ಲ್ಯುಡಿಎಸ್ ಎಂಬ ಬರ್ಲಿನ್‌ನ ವಿಜ್ಞಾನ ಅಕಾಡೆಮಿಯ ಉಚಿತ ನಿಘಂಟು ಜಾಲತಾಣದಲ್ಲಿದೆ. ಅದರ ‘ವೋರ್ಟ್‌ಪ್ರೊಫೀಲ್’ ವಿಭಾಗದಲ್ಲಿ ಒಂದು ಪದ ಯಾವ ಯಾವ ಪದಗಳ ಜೊತೆ ಬರುತ್ತದೆ ಎಂದು ನೋಡಬಹುದು. ಎರಡು ಮೂರು ಉದಾಹರಣೆ ವಾಕ್ಯ ಓದಿದರೆ ವಾಲು ಗೊತ್ತಾಗುತ್ತದೆ. ಅಷ್ಟಾದರೂ ತೀರ್ಮಾನ ಆಗದಿದ್ದರೆ ಪತ್ರ ಕೊಟ್ಟ ಕಂಪನಿಯನ್ನೇ ಕೇಳುವುದು ನೇರ ದಾರಿ. ಪತ್ರದ ಮಾಲೀಕರ ಮೂಲಕ ಕೇಳಿಸಿ. ‘ಈ ಪದದಿಂದ ಸೌಜನ್ಯ ಉದ್ದೇಶಿಸಿದ್ದೀರೋ, ಮಾತು ಉಳಿಸಿಕೊಳ್ಳುವುದನ್ನೋ’ ಎಂಬ ಒಂದು ಸಾಲಿನ ಇಮೇಲ್ ಸಾಕು. ಕೇಳಲಾಗದ ಸಂದರ್ಭದಲ್ಲಿ ‘ಕರ್ಟಿಯಸ್’ ಕಡೆ ನಿಲ್ಲಿ. ಅದು ತಪ್ಪಾದರೂ ಹಾನಿ ಸಣ್ಣದು. ‘ರಿಲಾಯಬಲ್’ ಅಂದುಬಿಟ್ಟರೆ ಮೂಲದಲ್ಲಿ ಇಲ್ಲದ ಭರವಸೆ ಕೊಟ್ಟಂತೆ.

ಪದಪಂಜರ

ಬೆಂಗಳೂರಿನ ಪ್ರತಿಗೆ ತುಂಗಾತೀರ ಅವರ ವಾಕ್ಯ, ಡಬ್ಲಿನ್ನಿನವರು ದೃಢೀಕೃತ ಪ್ರತಿ ಕೇಳಿರುವುದರಿಂದ ಅಲ್ಲಿಗೆ ಚಿಕ್ಕದು, ಅಡಿಟಿಪ್ಪಣಿಯೊಂದಿಗೆ. ಟಿಪ್ಪಣಿ ಎಷ್ಟು ಉದ್ದ ಇರಬಹುದು? ದರ್ಜೆಯ ಅಂಕವನ್ನೂ ಅಲ್ಲಿ ಹೇಳಬಹುದಾ?

ನೆಕ್ಕರ್‌ದಂಡೆ

ಅಂಕ ಹೇಳಬೇಡಿ. ಇದು 1, ಇದು 2 ಎನ್ನುವುದು ಅನುವಾದಕರ ವ್ಯಾಖ್ಯಾನವಾಗುತ್ತದೆ, ಮತ್ತು ಪತ್ರ ಕೊಟ್ಟವರು ಆ ಅಂಕ ಬರೆದಿಲ್ಲ. ಇಷ್ಟು ಹೇಳಬಹುದು: ಜರ್ಮನ್ ಪ್ರಮಾಣಪತ್ರಗಳಲ್ಲಿ ‘ಆಲ್ವೇಸ್’, ‘ಫುಲ್’, ‘ಫುಲೆಸ್ಟ್’ ಎಂಬ ಪದಗಳಿಗೆ ರೂಢಿಯ ತೂಕ ಇದೆ, ಅವನ್ನು ಇಲ್ಲಿ ಇದ್ದಂತೆಯೇ ಉಳಿಸಲಾಗಿದೆ. ‘ಫೆರ್‌ಬಿಂಟ್ಲಿಶ್’ಗೆ ಒಂದೇ ಸಾಲು: ಎದುರಿನವರಿಗೆ ಹತ್ತಿರವೆನಿಸುವ ಸೌಜನ್ಯ, ಕಾನೂನಿನ ಅರ್ಥ ಇಲ್ಲಿ ಇಲ್ಲ. ಎರಡೂ ಸೇರಿ ಮೂರು ಸಾಲು ದಾಟಬಾರದು.

ಪದಪಂಜರ

ಕೊನೆಯದಾಗಿ ಒಂದು. ಅದೇ ಪತ್ರದ ಮೊದಲ ಪುಟದಲ್ಲಿ, ಆಕೆ ನೋಡಿಕೊಂಡ ಕೆಲಸಗಳ ಪಟ್ಟಿಯಲ್ಲಿ ‘ಫೆರ್‌ಬಿಂಟ್ಲಿಶ್‌ಕೈಟನ್’ ಅಂತ ಬಹುವಚನದಲ್ಲಿ ಬಂದಿದೆ, ಪಕ್ಕದಲ್ಲಿ ಬಾಕಿ ವಸೂಲಿಯ ಮಾತೂ ಇದೆ. ಇದು ಸೌಜನ್ಯವಂತೂ ಅಲ್ಲ ತಾನೇ?

ಎಚ್ಚಾರ್‌ಮೇಜು

ಅಲ್ಲ. ಅದು ಕಂಪನಿ ಕೊಡಬೇಕಾದ ಸಾಲಗಳು, ‘ಲಯಬಿಲಿಟೀಸ್’. ಜರ್ಮನ್ ವಾಣಿಜ್ಯ ಸಂಹಿತೆಯ 266ನೇ ಕಲಂನ ಬ್ಯಾಲೆನ್ಸ್ ಶೀಟ್ ನಮೂನೆಯಲ್ಲೂ ಇದೇ ಪದ. ಪೂರೈಕೆದಾರರಿಗೆ ಕೊಡಬೇಕಾದ ಬಿಲ್ಲುಗಳ ಸಂದರ್ಭವಾದರೆ ‘ಪೇಯಬಲ್ಸ್’ ಬರೆಯಿರಿ. ಬರಬೇಕಾದ ಹಣಕ್ಕೆ ‘ಫೋರ್ಡರುಂಗನ್’ ಎಂಬ ಬೇರೆ ಪದ ಇರುತ್ತದೆ. ಎರಡೂ ಅಕ್ಕಪಕ್ಕ ಬಂದಿದ್ದರೆ ‘ರಿಸೀವಬಲ್ಸ್ ಅಂಡ್ ಪೇಯಬಲ್ಸ್’ ಎಂದು ಜೋಡಿಯಾಗಿ ಹಾಕಿ, ಮೂಲದಲ್ಲಿ ಯಾವುದು ಮೊದಲಿದೆಯೋ ಅದೇ ಮೊದಲು.